ಮಹಾಕ್ರೀಡಾಕೂಟ ಮತ್ತು ಸರಕು ಸಾಗಣೆ: ಲಂಡನ್ 2012ರ ಅನುಭವದಿಂದ ವರ್ತಕರಿಗೆ ಕೆಲವು ಪಾಠಗಳು

ಅಂತಾರಾಷ್ಟ್ರೀಯ ಮಟ್ಟದ ಬಹುಕ್ರೀಡಾಕೂಟವೊಂದು ನಗರಕ್ಕೆ ಬಂದಾಗ ಪತ್ರಿಕೆಗಳು ಪದಕಗಳ ಲೆಕ್ಕ ಬರೆಯುತ್ತವೆ. ಸರ್ಕಾರ ವೆಚ್ಚದ ಲೆಕ್ಕ ಬರೆಯುತ್ತದೆ. ಆ ನಗರದ ಅಂಗಡಿಕಾರ, ಸಗಟು ವ್ಯಾಪಾರಿ ಹಾಗೂ ಸಣ್ಣ ತಯಾರಕ ಬರೆಯಬೇಕಾದ ಲೆಕ್ಕ ಬೇರೊಂದಿದೆ. ಸರಕು ತುಂಬಿದ ವಾಹನ ಯಾವ ಬೀದಿಯನ್ನು ಯಾವ ಗಂಟೆಯಲ್ಲಿ ಪ್ರವೇಶಿಸಬಹುದು, ಅದಕ್ಕೆ ತಗಲುವ ಹೆಚ್ಚುವರಿ ವೆಚ್ಚವೆಷ್ಟು, ಆ ವೆಚ್ಚವನ್ನು ಭರಿಸುವವರು ಯಾರು ಎಂಬುದೇ ಆ ಲೆಕ್ಕ. ಎರಡು ವಾರಗಳ ಕೂಟದಲ್ಲಿ ಈ ಲೆಕ್ಕ ತಪ್ಪಿದರೆ ಸಣ್ಣ ಬಂಡವಾಳದ ಸಂಸ್ಥೆಯೊಂದರ ಇಡೀ ತ್ರೈಮಾಸಿಕದ ಲಾಭವೇ ಕರಗಿ ಹೋಗಬಹುದು.

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯವನ್ನು ಅಹಮದಾಬಾದಿಗೆ ವಹಿಸುವ ನಿರ್ಧಾರ 2025ರ ನವೆಂಬರ್‌ನಲ್ಲಿ ಅಧಿಕೃತವಾಯಿತು. ಆ ನಗರದೊಡನೆ ವ್ಯವಹರಿಸುವ ಕರ್ನಾಟಕದ ವರ್ತಕರಿಗೆ ಈ ವಿಷಯ ಇನ್ನು ದೂರದ್ದಲ್ಲ. ಈ ದೃಷ್ಟಿಯಿಂದ, ಸರಕು ಸಾಗಣೆಯನ್ನು ಅತ್ಯಂತ ವಿವರವಾಗಿ ಯೋಜಿಸಿದ ಕೂಟಗಳಲ್ಲಿ ಒಂದಾದ 2012ರ ಲಂಡನ್ ಒಲಿಂಪಿಕ್ಸ್‌ನ ಅನುಭವವನ್ನು ಪರಿಶೀಲಿಸಿ, ಅದರಿಂದ ದೊರೆಯುವ ಪಾಠಗಳನ್ನು ವರ್ತಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರತ್ಯೇಕ ಪಥ ಏಕೆ?

ಕ್ರೀಡಾಪಟುಗಳು, ತೀರ್ಪುಗಾರರು ಮತ್ತು ಮಾಧ್ಯಮದವರು ನಿಗದಿತ ನಿಮಿಷಕ್ಕೆ ಕ್ರೀಡಾಂಗಣ ತಲುಪಲೇಬೇಕು. ಸ್ಪರ್ಧೆಯ ನೇರ ಪ್ರಸಾರವನ್ನು ಜಗತ್ತೇ ವೀಕ್ಷಿಸುತ್ತಿರುವಾಗ ಅದನ್ನು ಅರ್ಧ ಗಂಟೆ ಮುಂದೂಡಲು ಸಾಧ್ಯವಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಗರದ ದಾರಿಗಳ ಪರಿಚಯವಿಲ್ಲದ ಬಸ್ ಚಾಲಕರಿಂದಾಗಿ ಕ್ರೀಡಾಪಟುಗಳೂ ಪತ್ರಕರ್ತರೂ ತಡವಾಗಿ ತಲುಪಿದ ಪ್ರಸಂಗಗಳು ನಡೆದು, ಸಂಘಟಕರು ತೀವ್ರ ಟೀಕೆಗೆ ಗುರಿಯಾದರು. ಅನಂತರದ ಕೂಟಗಳಲ್ಲಿ ಕ್ರೀಡಾ ವಾಹನಗಳಿಗೆ ಮೀಸಲಾದ ಪಥಗಳು ಸಾಮಾನ್ಯ ವ್ಯವಸ್ಥೆಯಾದವು.

ಇಲ್ಲಿ ವರ್ತಕರು ಅರಿಯಬೇಕಾದ ಮೂಲ ಸಂಗತಿಯೊಂದಿದೆ. ರಸ್ತೆಯ ಅಗಲ ಹೆಚ್ಚುವುದಿಲ್ಲ. ಒಂದು ಪಥವನ್ನು ಮೀಸಲಿಟ್ಟರೆ ಉಳಿದ ಪಥಗಳ ಮೇಲೆ ಅಷ್ಟೇ ಹೊರೆ ಬೀಳುತ್ತದೆ. ಹೀಗಾಗಿ ಕೂಟದ ಅವಧಿಯಲ್ಲಿ ರಸ್ತೆಯೂ ಪಡಿತರದ ಸಾಮಗ್ರಿಯಂತಾಗುತ್ತದೆ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಪ್ರಾಧಿಕಾರ ನಿರ್ಧರಿಸುತ್ತದೆ. ಆದರೆ ಈ ಪಡಿತರದ ಪಟ್ಟಿ ಮುಂಚಿತವಾಗಿಯೇ ಪ್ರಕಟವಾಗುತ್ತದೆ. ನೆರೆ, ಭೂಕಂಪ, ಮುಷ್ಕರಗಳಿಗೂ ಕ್ರೀಡಾಕೂಟಕ್ಕೂ ಇರುವ ವ್ಯತ್ಯಾಸ ಇದೇ.

ಲಂಡನ್ನಿನ ವ್ಯವಸ್ಥೆ

ಲಂಡನ್ನಿಗೆ ಆತಿಥ್ಯ ದೊರೆತದ್ದು 2005ರ ಜುಲೈನಲ್ಲಿ. ಮರುವರ್ಷವೇ ಬ್ರಿಟಿಷ್ ಸಂಸತ್ತು ಕೂಟಕ್ಕಾಗಿ ಪ್ರತ್ಯೇಕ ಶಾಸನವೊಂದನ್ನು ಅಂಗೀಕರಿಸಿ, ಒಲಿಂಪಿಕ್ ಮಾರ್ಗಜಾಲವನ್ನು ಗುರುತಿಸಲು ಅದರಲ್ಲಿ ಅವಕಾಶ ಕಲ್ಪಿಸಿತು. 2012ರ ಜುಲೈ 27ರಿಂದ ಆಗಸ್ಟ್ 12ರವರೆಗೆ ಒಲಿಂಪಿಕ್ಸ್, ಆಗಸ್ಟ್ 29ರಿಂದ ಸೆಪ್ಟೆಂಬರ್ 9ರವರೆಗೆ ಪ್ಯಾರಾಲಿಂಪಿಕ್ಸ್ ಜರುಗಿದವು.

ಲಂಡನ್ ನಗರದೊಳಗಿನ ಮಾರ್ಗಜಾಲದ ಉದ್ದ 109 ಮೈಲಿ, ಅಂದರೆ ಸುಮಾರು 175 ಕಿಲೋಮೀಟರ್. ಇದರಲ್ಲಿ ಸುಮಾರು 30 ಮೈಲಿಗಳಷ್ಟು ಮಾತ್ರ ಕ್ರೀಡಾ ವಾಹನಗಳಿಗೆ ಮೀಸಲಾದ ‘ಗೇಮ್ಸ್ ಲೇನ್’ ಇತ್ತು. ಬೆಳಿಗ್ಗೆ 6 ಗಂಟೆಯಿಂದ ಮಧ್ಯರಾತ್ರಿಯವರೆಗೆ ಈ ಪಥದಲ್ಲಿ ಅನುಮತಿಯಿಲ್ಲದೆ ಚಲಿಸಿದ ವಾಹನಕ್ಕೆ 130 ಪೌಂಡ್ ದಂಡ ವಿಧಿಸಲಾಗುತ್ತಿತ್ತು. ನಗರದ ಒಟ್ಟು ರಸ್ತೆಗಳಿಗೆ ಹೋಲಿಸಿದರೆ ಮಾರ್ಗಜಾಲದ ಪಾಲು ನೂರಕ್ಕೆ ಒಂದರ ಆಸುಪಾಸಿನದು. ಆದರೆ ಅವು ನಗರದ ಮುಖ್ಯ ರಸ್ತೆಗಳಾಗಿದ್ದುದರಿಂದ ಪರಿಣಾಮ ಅಷ್ಟಕ್ಕೇ ಸೀಮಿತವಾಗಲಿಲ್ಲ.

ವರ್ತಕರಿಗೆ ಹೆಚ್ಚು ತಟ್ಟಿದ್ದು ಮೀಸಲು ಪಥಕ್ಕಿಂತ ಅದರ ಸುತ್ತಲಿನ ನಿಯಮಗಳು. ಮಾರ್ಗಜಾಲದ ಬೀದಿಗಳಲ್ಲಿ ಕೆಲವೆಡೆ ಬಲ ತಿರುವು ನಿಷೇಧಿಸಲಾಯಿತು. ವಾಹನ ನಿಲುಗಡೆಯ ಜಾಗಗಳನ್ನೂ ಸರಕು ಇಳಿಸುವ ಜಾಗಗಳನ್ನೂ ತಾತ್ಕಾಲಿಕವಾಗಿ ರದ್ದುಪಡಿಸಲಾಯಿತು. ಈ ಬೀದಿಗಳ ಅಂಗಡಿಗಳಿಗೆ ಸರಕು ಇಳಿಸುವ ಅವಕಾಶ ಮುಖ್ಯವಾಗಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗಿನ ಆರು ಗಂಟೆಗಳಿಗೆ ಇಳಿಯಿತು. ಇದಲ್ಲದೆ ಜುಲೈ 28 ಮತ್ತು 29ರ ಸೈಕ್ಲಿಂಗ್ ರೋಡ್ ರೇಸ್, ಆಗಸ್ಟ್ 5 ಮತ್ತು 12ರ ಮ್ಯಾರಥಾನ್ ಮುಂತಾದ ಬೀದಿ ಸ್ಪರ್ಧೆಗಳ ದಿನಗಳಲ್ಲಿ ಕೆಲವು ರಸ್ತೆಗಳೇ ಸಂಪೂರ್ಣವಾಗಿ ಮುಚ್ಚಿದ್ದವು.

ಅಂದರೆ ಒಂದೇ ನಗರದಲ್ಲಿ ಮೂರು ಬಗೆಯ ನಿರ್ಬಂಧಗಳಿದ್ದವು: ಇಡೀ ಅವಧಿಗೆ ಅನ್ವಯಿಸುವ ಮಾರ್ಗಜಾಲದ ನಿಯಮ, ಕ್ರೀಡಾಂಗಣಗಳ ಸುತ್ತಲಿನ ನಿಯಂತ್ರಣ, ಹಾಗೂ ಒಂದೆರಡು ದಿನದ ಬೀದಿ ಸ್ಪರ್ಧೆಗಳ ಮುಚ್ಚುಗಡೆ. ತನ್ನ ಅಂಗಡಿ ಈ ಮೂರರಲ್ಲಿ ಯಾವುದಕ್ಕೆ ಒಳಪಡುತ್ತದೆ ಎಂದು ತಿಳಿಯುವುದೇ ವರ್ತಕನ ಮೊದಲ ಕೆಲಸವಾಗಿತ್ತು.

ನಾಲ್ಕು ಉಪಾಯಗಳು

ಲಂಡನ್ನಿನ ಸಾರಿಗೆ ಪ್ರಾಧಿಕಾರವು ಕೂಟಕ್ಕೆ ಬಹಳ ಮುಂಚೆಯೇ ಸರಕು ಸಾಗಣೆದಾರರ ಸಂಘಗಳೊಡನೆ ಮಾತುಕತೆ ಆರಂಭಿಸಿ, ಬೀದಿವಾರು ನಕ್ಷೆಗಳನ್ನು ಪ್ರಕಟಿಸಿತು. ಅದು ಉದ್ಯಮಗಳಿಗೆ ಸೂಚಿಸಿದ ಉಪಾಯಗಳು ನಾಲ್ಕು.

1. ತಗ್ಗಿಸುವುದು: ವಾರಕ್ಕೆ ಐದು ಬಾರಿ ಬರುವ ಸರಕನ್ನು ಎರಡು ಬಾರಿಗೆ ಒಗ್ಗೂಡಿಸುವುದು, ಕೆಡದ ವಸ್ತುಗಳನ್ನು ಕೂಟಕ್ಕೆ ಮೊದಲೇ ದಾಸ್ತಾನು ಮಾಡುವುದು, ತುರ್ತಲ್ಲದ ದುರಸ್ತಿ, ಯಂತ್ರ ಸ್ಥಾಪನೆ, ಕಚೇರಿ ಸಾಮಗ್ರಿಗಳನ್ನು ಮುಂದೂಡುವುದು.

2. ವೇಳೆ ಬದಲಿಸುವುದು: ಹಗಲಿನ ಪೂರೈಕೆಯನ್ನು ರಾತ್ರಿಗೆ ಅಥವಾ ನಸುಕಿಗೆ ಸರಿಸುವುದು.

3. ದಾರಿ ಬದಲಿಸುವುದು: ಮಾರ್ಗಜಾಲವನ್ನು ತಪ್ಪಿಸಿ ಬೇರೆ ರಸ್ತೆಗಳಲ್ಲಿ ಸಾಗುವುದು; ಅಕ್ಕಪಕ್ಕದ ಬೀದಿಯಲ್ಲಿ ಸರಕು ಇಳಿಸಿ ಕೈಗಾಡಿಯಲ್ಲಿ ಅಂಗಡಿಗೆ ಒಯ್ಯುವುದು.

4. ಸಾಧನ ಬದಲಿಸುವುದು: ದೊಡ್ಡ ವಾಹನದ ಬದಲು ಬೈಸಿಕಲ್, ರೈಲು, ಜಲಮಾರ್ಗ ಇತ್ಯಾದಿಗಳನ್ನು ಸಾಧ್ಯವಿದ್ದಲ್ಲಿ ಬಳಸುವುದು.

ಈ ನಾಲ್ಕೂ ಕೇಳಲು ಸುಲಭ, ಪ್ರತಿಯೊಂದಕ್ಕೂ ಬೆಲೆಯಿದೆ. ಮೊದಲನೆಯದು ದುಡಿಯುವ ಬಂಡವಾಳವನ್ನು ದಾಸ್ತಾನಿನಲ್ಲಿ ಕಟ್ಟಿಹಾಕುತ್ತದೆ. ಎರಡನೆಯದು ರಾತ್ರಿ ಪಾಳಿಯ ಕೂಲಿಯನ್ನು ಹೆಚ್ಚಿಸುತ್ತದೆ. ಮೂರನೆಯದು ಇಂಧನವನ್ನಷ್ಟೇ ಅಲ್ಲ, ಚಾಲಕನ ಗಂಟೆಗಳನ್ನೂ ತಿನ್ನುತ್ತದೆ. ಯುರೋಪಿನ ನಿಯಮದಂತೆ ಭಾರಿ ವಾಹನದ ಚಾಲಕ ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಕಾಲ ವಾಹನ ಚಲಾಯಿಸುವಂತಿಲ್ಲ. ವಾರಕ್ಕೆ ಎರಡು ದಿನ ಮಾತ್ರ 10 ಗಂಟೆಗೆ ಅವಕಾಶವಿದೆ. ಸುತ್ತುದಾರಿಯಲ್ಲಿ ಒಂದು ಗಂಟೆ ಹೆಚ್ಚಾದರೆ ಆ ದಿನದ ಕೊನೆಯ ಅಂಗಡಿಗೆ ಸರಕು ತಲುಪುವುದೇ ಇಲ್ಲ. ನಾಲ್ಕನೆಯದು ಹಗುರವಾದ, ಬೆಲೆಬಾಳುವ ಸರಕಿಗೆ ಹೊಂದುತ್ತದೆ, ಸಿಮೆಂಟಿಗೆ ಹೊಂದುವುದಿಲ್ಲ. ಆದ್ದರಿಂದ ನಾಲ್ಕರಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಅಪ್ರಸ್ತುತ. ಯಾವ ಸರಕಿಗೆ ಯಾವುದು ಎಂಬುದೇ ಸರಿಯಾದ ಪ್ರಶ್ನೆ.

ರಾತ್ರಿ ಪೂರೈಕೆ: ಲಾಭ ಮತ್ತು ಹೊಣೆ

ಲಂಡನ್ನಿನಲ್ಲಿ ರಾತ್ರಿ ಪೂರೈಕೆಗೆ ಕಾನೂನಿನ ತೊಡಕೂ ಇತ್ತು. 18 ಟನ್ನಿಗಿಂತ ಭಾರವಾದ ಲಾರಿಗಳು ರಾತ್ರಿ ಹಾಗೂ ವಾರಾಂತ್ಯಗಳಲ್ಲಿ ನಗರದ ಹಲವು ಬೀದಿಗಳಿಗೆ ಬರದಂತೆ ನಿಯಂತ್ರಿಸುವ ವ್ಯವಸ್ಥೆ ನಿವಾಸಿಗಳ ನಿದ್ರೆಯ ಹಿತದೃಷ್ಟಿಯಿಂದ ಮೊದಲಿನಿಂದಲೂ ಜಾರಿಯಲ್ಲಿದೆ. ಹಗಲು ಬರಬೇಡಿ ಎಂದು ಒಂದು ನಿಯಮ, ರಾತ್ರಿ ಬರಬೇಡಿ ಎಂದು ಇನ್ನೊಂದು ನಿಯಮ. ಸರಕು ಸಾಗಣೆದಾರರು ಇವೆರಡರ ನಡುವೆ ಸಿಲುಕುವ ಭೀತಿಯಿತ್ತು.

ಪರಿಹಾರವಾಗಿ ನಿಶ್ಶಬ್ದ ಪೂರೈಕೆಯ ನೀತಿ ಸಂಹಿತೆಯೊಂದನ್ನು ರೂಪಿಸಲಾಯಿತು. ಇಂಜಿನ್ ಆರಿಸುವುದು, ರೇಡಿಯೋ ನಿಲ್ಲಿಸುವುದು, ಬಾಗಿಲುಗಳನ್ನು ಸದ್ದಿಲ್ಲದೆ ಮುಚ್ಚುವುದು, ಗಾಲಿ ಪಂಜರಗಳು ಸದ್ದು ಮಾಡದಂತೆ ನೆಲಕ್ಕೆ ಹಾಸು ಹಾಕುವುದು, ಅಂಗಡಿಯವರು ವಾಹನ ಬರುವ ಮೊದಲೇ ಸಿದ್ಧರಿರುವುದು ಇಂತಹ ಸಾಮಾನ್ಯ ಸಂಗತಿಗಳೇ ಅದರಲ್ಲಿದ್ದವು. ಇವುಗಳಿಗೆ ಹೆಚ್ಚಿನ ಹಣ ಬೇಡ, ಶಿಸ್ತು ಬೇಕು.

ರಾತ್ರಿ ಪೂರೈಕೆಯಲ್ಲಿ ಉಳಿತಾಯವೂ ಉಂಟು. ಆ ವರ್ಷ ಮಧ್ಯ ಲಂಡನ್ನಿಗೆ ವಾರದ ದಿನಗಳ ಹಗಲು ಪ್ರವೇಶಿಸುವ ವಾಹನಕ್ಕೆ ದಿನವೊಂದಕ್ಕೆ 10 ಪೌಂಡ್ ದಟ್ಟಣೆ ಶುಲ್ಕವಿತ್ತು. ರಾತ್ರಿಗೆ ಅದು ಅನ್ವಯಿಸುತ್ತಿರಲಿಲ್ಲ. ಖಾಲಿ ರಸ್ತೆಯಲ್ಲಿ ವಾಹನ ಬೇಗ ಹಿಂದಿರುಗಿ ಇನ್ನೊಂದು ಸುತ್ತಿಗೆ ಲಭ್ಯವಾಗುತ್ತಿತ್ತು. ದೊಡ್ಡ ಸರಣಿ ಮಳಿಗೆಗಳಿಗೆ ಇದು ಒಗ್ಗಿತು. ಆದರೆ ಮಾಲೀಕನೂ ಒಬ್ಬ ಸಹಾಯಕನೂ ನಡೆಸುವ ಚಿಕ್ಕ ಅಂಗಡಿಯಲ್ಲಿ ನಸುಕಿನ 3 ಗಂಟೆಗೆ ಶಟರ್ ತೆರೆದು ಸರಕು ಪಡೆಯುವವನು, ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು ಇಬ್ಬರೂ ಒಬ್ಬನೇ. ಅವನ ರಾತ್ರಿಯ ದುಡಿಮೆ ಯಾವ ವೋಚರಿನಲ್ಲೂ ಕಾಣದಿದ್ದರೂ ಅದು ವೆಚ್ಚವೇ. ಯೋಜನೆ ಹಾಕುವಾಗ ಅದಕ್ಕೂ ಒಂದು ಬೆಲೆ ಕಟ್ಟಬೇಕು.

ಸರಕು ಬಂದಿತು, ಗ್ರಾಹಕ ಬರಲಿಲ್ಲ

ಲಂಡನ್ ಅನುಭವದ ಅತ್ಯಂತ ಮಹತ್ವದ ಪಾಠ ಇಲ್ಲಿದೆ. ಕೂಟಕ್ಕೆ ಮುಂಚೆ ಎಲ್ಲರ ಆತಂಕ ಒಂದೇ ಆಗಿತ್ತು: ಸರಕು ತಲುಪುವುದೇ? ಅದಕ್ಕಾಗಿ ಪ್ರಾಧಿಕಾರ ಎಚ್ಚರಿಕೆಯ ಮೇಲೆ ಎಚ್ಚರಿಕೆ ನೀಡಿತು. ಪ್ರಯಾಣ ಮುಂದೂಡಿ, ಮನೆಯಿಂದಲೇ ಕೆಲಸ ಮಾಡಿ, ಮಧ್ಯ ಲಂಡನ್ ತಪ್ಪಿಸಿ ಎಂಬ ಸಂದೇಶ ಜನರಿಗೆ ಚೆನ್ನಾಗಿಯೇ ತಲುಪಿತು. ರಸ್ತೆಗಳಲ್ಲಿ ನಿರೀಕ್ಷೆಗಿಂತ ಕಡಿಮೆ ದಟ್ಟಣೆ ಕಂಡುಬಂತು. ಅಗತ್ಯವಿಲ್ಲದ ವೇಳೆಯಲ್ಲಿ ಗೇಮ್ಸ್ ಲೇನ್‌ಗಳನ್ನು ಸಾಮಾನ್ಯ ವಾಹನಗಳಿಗೂ ತೆರೆಯಲಾಯಿತು. ಸರಕು ಹೆಚ್ಚಿನ ತೊಂದರೆಯಿಲ್ಲದೆ ತಲುಪಿತು.

ಆದರೆ ಅದೇ ಎಚ್ಚರಿಕೆ ಗ್ರಾಹಕನನ್ನೂ ದೂರವಿಟ್ಟಿತು. ಕೂಟದ ಮೊದಲ ವಾರದಲ್ಲಿ ವೆಸ್ಟ್ ಎಂಡ್ ಭಾಗದ ಅಂಗಡಿ, ಹೋಟೆಲು, ನಾಟಕಶಾಲೆ, ಟ್ಯಾಕ್ಸಿ ಚಾಲಕರೆಲ್ಲ ವ್ಯಾಪಾರ ಕುಸಿದಿದೆಯೆಂದು ದೂರಿದರು. ಮಧ್ಯ ಲಂಡನ್ ನಿರ್ಜನವಾಗಿದೆಯೆಂದು ಪತ್ರಿಕೆಗಳು ಬರೆದವು. ದಟ್ಟಣೆಯ ಬಗ್ಗೆ ಎಚ್ಚರಿಸುವ ಮೇಯರ್ ಬೋರಿಸ್ ಜಾನ್ಸನ್ ಅವರ ಧ್ವನಿಮುದ್ರಿತ ಪ್ರಕಟಣೆಗಳನ್ನು ನಿಲ್ದಾಣಗಳಲ್ಲಿ ನಿಲ್ಲಿಸಬೇಕಾಯಿತು. ಕ್ರೀಡೆ ನೋಡಲು ಬಂದವರು ನಗರದ ಪೂರ್ವಭಾಗದ ಒಲಿಂಪಿಕ್ ಪಾರ್ಕಿಗೆ ಹೋದರು. ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದ ಪ್ರವಾಸಿಗರಲ್ಲಿ ಅನೇಕರು ಆ ವರ್ಷ ಲಂಡನ್ನನ್ನೇ ಕೈಬಿಟ್ಟರು.

ಇದರಿಂದ ತಿಳಿಯುವುದೇನೆಂದರೆ, ವರ್ತಕನ ಮುಂದೆ ಇರುವುದು ಒಂದು ಪ್ರಶ್ನೆಯಲ್ಲ, ಎರಡು. ಸರಕು ನನ್ನ ಬಾಗಿಲಿಗೆ ತಲುಪುವುದೇ ಎಂಬುದು ಒಂದು. ಗ್ರಾಹಕ ನನ್ನ ಬಾಗಿಲಿಗೆ ತಲುಪುವನೇ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಿ ಗೋದಾಮು ತುಂಬಿಸಿಕೊಂಡವನಿಗೆ ಎರಡನೆಯದು ದುಬಾರಿಯಾಗುತ್ತದೆ. ಕ್ರೀಡಾಂಗಣದ ದಾರಿಯಲ್ಲಿರುವ ಅಂಗಡಿ ಮತ್ತು ನಗರದ ಹಳೆಯ ಪೇಟೆಯ ಅಂಗಡಿ ಇವೆರಡಕ್ಕೂ ಕೂಟದ ಪರಿಣಾಮ ಒಂದೇ ಆಗಿರುವುದಿಲ್ಲ.

ದೆಹಲಿ, ಬೀಜಿಂಗ್, ಪ್ಯಾರಿಸ್

ಇತರ ನಗರಗಳ ಅನುಭವವೂ ಈ ಮಾತನ್ನು ಪುಷ್ಟೀಕರಿಸುತ್ತದೆ. ದೆಹಲಿಯಲ್ಲಿ 2010ರ ಅಕ್ಟೋಬರ್ 3ರಿಂದ 14ರವರೆಗೆ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಮೀಸಲು ಪಥ ಪ್ರವೇಶಿಸಿದವರಿಗೆ 2,000 ರೂಪಾಯಿ ದಂಡವಿತ್ತು. ಉದ್ಘಾಟನೆ ಮತ್ತು ಸಮಾರೋಪದ ದಿನಗಳಲ್ಲಿ ಅಂಗಡಿ ಮುಂಗಟ್ಟುಗಳನ್ನು ಮುಚ್ಚುವಂತೆ ದೆಹಲಿ ಸರ್ಕಾರ ಆದೇಶಿಸಿತು. ಆ ವರ್ಷ ವಿಜಯದಶಮಿ ಅಕ್ಟೋಬರ್ 17ಕ್ಕೆ, ದೀಪಾವಳಿ ನವೆಂಬರ್ 5ಕ್ಕೆ ಇದ್ದವು. ಅಂದರೆ ಹಬ್ಬದ ವ್ಯಾಪಾರಕ್ಕೆ ಸರಕು ತುಂಬಿಸಿಕೊಳ್ಳುವ ವಾರಗಳಲ್ಲೇ ಕೂಟವೂ ಬಂದಿತ್ತು. ನಮ್ಮ ದೇಶದಲ್ಲಿ ಯೋಜನೆ ಮಾಡುವವರು ಕ್ರೀಡಾ ವೇಳಾಪಟ್ಟಿಯ ಪಕ್ಕದಲ್ಲಿ ಪಂಚಾಂಗವನ್ನೂ ಇಟ್ಟುಕೊಳ್ಳಬೇಕೆಂಬುದಕ್ಕೆ ಇದು ನಿದರ್ಶನ.

ಬೀಜಿಂಗಿನಲ್ಲಿ 2008ರ ಜುಲೈ 20ರಿಂದ ಸೆಪ್ಟೆಂಬರ್ 20ರವರೆಗೆ ಸಮ-ಬೆಸ ನಿಯಮ ಜಾರಿಯಾಯಿತು. ನೋಂದಣಿ ಸಂಖ್ಯೆಯ ಕೊನೆಯ ಅಂಕಿಗೆ ಅನುಗುಣವಾಗಿ ದಿನ ಬಿಟ್ಟು ದಿನ ಮಾತ್ರ ವಾಹನ ಹೊರತರಬಹುದಾಗಿತ್ತು. ಲಂಡನ್ ಬೀದಿ ಮತ್ತು ಗಂಟೆಗಳನ್ನು ಹಂಚಿದರೆ, ಬೀಜಿಂಗ್ ದಿನಗಳನ್ನೇ ಹಂಚಿತು. ಇಂತಹ ಕ್ರಮದಲ್ಲಿ ಒಂದೇ ವಾಹನವಿರುವ ಸಣ್ಣ ಉದ್ಯಮಿ ತಿಂಗಳಿನ ಅರ್ಧ ದಿನಗಳನ್ನು ಕಳೆದುಕೊಳ್ಳುತ್ತಾನೆ. ಸಮ ಸಂಖ್ಯೆಯ ವಾಹನವುಳ್ಳವನೂ ಬೆಸ ಸಂಖ್ಯೆಯ ವಾಹನವುಳ್ಳವನೂ ಒಡಂಬಡಿಕೆ ಮಾಡಿಕೊಂಡರೆ ಇಬ್ಬರಿಗೂ ಪ್ರತಿದಿನ ಒಂದು ವಾಹನ ದೊರೆಯುತ್ತದೆ. ಸಹಕಾರದ ಲಾಭ ಇಂತಹ ಕಡೆ ಸ್ಪಷ್ಟವಾಗಿ ಗೋಚರಿಸುತ್ತದೆ.

ಪ್ಯಾರಿಸ್ಸಿನಲ್ಲಿ 2024ರ ಒಲಿಂಪಿಕ್ಸ್ ಉದ್ಘಾಟನೆ ಜುಲೈ 26ರಂದು ಸೇನ್ ನದಿಯ ಮೇಲೆ ನಡೆಯಿತು. ಭದ್ರತೆಗಾಗಿ ಜುಲೈ 18ರಿಂದಲೇ ನದಿಯ ಇಕ್ಕೆಲಗಳ ಪ್ರದೇಶವನ್ನು ಸುತ್ತುವರಿದು, ಪ್ರವೇಶಕ್ಕೆ ಕ್ಯೂಆರ್ ಕೋಡ್ ಕಡ್ಡಾಯ ಮಾಡಲಾಯಿತು. ಒಳಗಿದ್ದ ಹೋಟೆಲು ಮತ್ತು ಅಂಗಡಿಗಳಿಗೆ ಸರಕಿತ್ತು, ಸಿಬ್ಬಂದಿಯಿತ್ತು. ಕೋಡ್ ಇಲ್ಲದ ಗ್ರಾಹಕ ಮಾತ್ರ ಬರುವಂತಿರಲಿಲ್ಲ. ನಷ್ಟಕ್ಕೊಳಗಾದ ಉದ್ಯಮಗಳ ಪರಿಹಾರದ ಮನವಿಗಳನ್ನು ಪರಿಶೀಲಿಸಲು ಫ್ರೆಂಚ್ ಸರ್ಕಾರ ಆಯೋಗವೊಂದನ್ನು ರಚಿಸಿತು. ಇಂತಹ ಮನವಿಗೆ ಆಧಾರವಾಗುವುದು ಲೆಕ್ಕಪತ್ರಗಳೇ. ಹಿಂದಿನ ವರ್ಷಗಳ ಅದೇ ವಾರದ ಮಾರಾಟದ ವಿವರವಿಲ್ಲದವನು ತನ್ನ ನಷ್ಟವನ್ನು ಸಿದ್ಧಪಡಿಸಿ ತೋರಿಸಲಾರ.

ಲೆಕ್ಕ ಹಾಕುವ ಕ್ರಮ

ಮುಂಚಿತ ದಾಸ್ತಾನು ಲಾಭಕರವೇ ಎಂಬುದನ್ನು ಊಹೆಗೆ ಬಿಡದೆ ಕಾಗದದ ಮೇಲೆ ಲೆಕ್ಕ ಹಾಕಬೇಕು. ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಕೂಟ ನಡೆಯುವ ನಗರದ ವರ್ತಕನೊಬ್ಬ ಆ ಅವಧಿಯಲ್ಲಿ 12.5 ಲಕ್ಷ ರೂಪಾಯಿ ಮಾರಾಟ ನಿರೀಕ್ಷಿಸುತ್ತಾನೆ. ಸರಕಿನ ಕ್ರಯ 10 ಲಕ್ಷ. ಒಟ್ಟು ಲಾಭ 2.5 ಲಕ್ಷ.

ಮುಂಚಿತವಾಗಿ, ಅಂದರೆ 20 ದಿನ ಮೊದಲೇ, ಸರಕು ತರಿಸಿದರೆ ತಗಲುವ ವೆಚ್ಚ ಹೀಗಿದೆ:
10 ಲಕ್ಷದ ಮೇಲೆ ಶೇ. 12ರ ದರದಲ್ಲಿ 20 ದಿನಗಳ ಬಡ್ಡಿ: 6,575 ರೂ.
ಗೋದಾಮಿನ ಒಂದು ತಿಂಗಳ ಬಾಡಿಗೆ: 15,000 ರೂ.
ವಿಮೆ ಮತ್ತು ಹಮಾಲಿ: 5,000 ರೂ.
ಒಟ್ಟು: 26,575 ರೂ.

ತರಿಸದೆ ಇದ್ದು, ನಿರ್ಬಂಧಗಳಿಂದ ಶೇ. 30ರಷ್ಟು ಮಾರಾಟ ತಪ್ಪಿದರೆ ಆಗುವ ನಷ್ಟ ಹೀಗಿದೆ:
ಕೈತಪ್ಪಿದ ಒಟ್ಟು ಲಾಭ: 75,000 ರೂ.
ನಾಲ್ಕು ಲಾರಿಗಳು ತಲಾ ಒಂದು ದಿನ ಕಾಯ್ದುದಕ್ಕೆ 3,000 ರೂ.ನಂತೆ ಹಾಲ್ಟಿಂಗ್ ಬಾಡಿಗೆ: 12,000 ರೂ.
ಒಟ್ಟು: 87,000 ರೂ.

26,575ನ್ನು 87,000ದಿಂದ ಭಾಗಿಸಿದರೆ ಸುಮಾರು ಶೇ. 31 ಬರುತ್ತದೆ. ಅಂದರೆ ಸರಕು ಸಕಾಲಕ್ಕೆ ತಲುಪದಿರುವ ಸಂಭವ ನೂರಕ್ಕೆ 31ಕ್ಕಿಂತ ಹೆಚ್ಚೆಂದು ಕಂಡರೆ ಮುಂಚಿತ ದಾಸ್ತಾನು ಲೇಸು. ಕಡಿಮೆಯೆಂದು ಕಂಡರೆ ಅದು ಅನಗತ್ಯ ಭಾರ.

ಇನ್ನು ಎರಡನೆಯ ಪ್ರಶ್ನೆ. ಸರಕು ತರಿಸಿದ ಮೇಲೆ ಗ್ರಾಹಕರೇ ಬಾರದೆ ಮೂರು ಲಕ್ಷದ ಸರಕು ಉಳಿಯಿತೆನ್ನೋಣ. ಅದು ಕೆಡದ ವಸ್ತುವಾಗಿದ್ದರೆ ಇನ್ನೆರಡು ತಿಂಗಳ ಬಡ್ಡಿ ಸುಮಾರು 5,900 ರೂಪಾಯಿ ಹೊರೆಯಾಗುತ್ತದೆ, ಅದನ್ನು ತಾಳಿಕೊಳ್ಳಬಹುದು. ಹಣ್ಣು, ಹಾಲಿನ ಪದಾರ್ಥ, ಬೇಕರಿ ತಿನಿಸುಗಳಾಗಿದ್ದರೆ ಮೂರು ಲಕ್ಷವೂ ನಷ್ಟವೇ. ಆದಕಾರಣ ಕೆಡದ ಸರಕನ್ನು ಮುಂಚಿತವಾಗಿ ತುಂಬಿಸುವುದು, ಕೆಡುವ ಸರಕನ್ನು ಚಿಕ್ಕ ಪ್ರಮಾಣದಲ್ಲಿ ರಾತ್ರಿ ವೇಳೆ ತರಿಸುವುದು, ಇದನ್ನು ಸಾಮಾನ್ಯ ಸೂತ್ರವೆಂದು ಸ್ವೀಕರಿಸಬಹುದು.

ಕರಾರು ಮತ್ತು ಕಾನೂನು

ಕ್ರೀಡಾಕೂಟದ ನಿರ್ಬಂಧದಿಂದ ಸರಕು ತಡವಾದರೆ ಹೊಣೆ ಯಾರದು? ‘ನಮ್ಮ ಕೈಮೀರಿದ ಕಾರಣ’ ಎಂದು ಹೇಳಿದರೆ ಸಾಕೆಂಬ ಭಾವನೆ ಅನೇಕರಲ್ಲಿದೆ. ಇದು ಅಪಾಯಕಾರಿ. ಭಾರತೀಯ ಕರಾರು ಅಧಿನಿಯಮದ 56ನೇ ಕಲಮು ಅಸಾಧ್ಯವಾದ ಕರಾರನ್ನು ಅನೂರ್ಜಿತಗೊಳಿಸುತ್ತದೆ. ಕಷ್ಟವಾದ ಅಥವಾ ದುಬಾರಿಯಾದ ಕರಾರನ್ನಲ್ಲ. ಯುದ್ಧಕಾಲದಲ್ಲಿ ಸೇನೆಗೆ ತುಪ್ಪ ಪೂರೈಸಿದ ಅಲೋಪಿ ಪರ್ಷಾದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿದಿದೆ. ಹಲವು ತಿಂಗಳ ಹಿಂದೆಯೇ ಪ್ರಕಟವಾದ ಸಂಚಾರ ನಿರ್ಬಂಧವನ್ನು ಅನಿರೀಕ್ಷಿತವೆಂದು ವಾದಿಸುವುದು ಸುಲಭವಲ್ಲ.

ಆದ್ದರಿಂದ ಕೂಟದ ಅವಧಿಯನ್ನೊಳಗೊಂಡ ಖರೀದಿ ಆದೇಶಗಳಲ್ಲಿ ಈ ಕೆಳಗಿನ ಅಂಶಗಳನ್ನು ಲಿಖಿತವಾಗಿ ಸೇರಿಸುವುದು ಸೂಕ್ತ:

1. ಸರಕು ತಲುಪಬೇಕಾದ ದಿನ ಮಾತ್ರವಲ್ಲ, ಇಳಿಸುವ ಗಂಟೆ ಮತ್ತು ಸ್ಥಳ.
2. ಅಧಿಕೃತ ಸಂಚಾರ ಆದೇಶದಿಂದ ವಿಳಂಬವಾದರೆ ದೊರೆಯುವ ಹೆಚ್ಚುವರಿ ದಿನಗಳು.
3. ಹಾಲ್ಟಿಂಗ್ ಬಾಡಿಗೆ, ರಾತ್ರಿ ಹಮಾಲಿ, ಸಂಚಾರ ದಂಡ ಇವುಗಳನ್ನು ಭರಿಸುವವರು ಯಾರು ಎಂಬ ಸ್ಪಷ್ಟನೆ.
4. ರಾತ್ರಿ ಸರಕು ಪಡೆದು ರುಜು ಹಾಕಲು ಅಧಿಕಾರವುಳ್ಳವರ ಹೆಸರು.

ವಿಳಂಬಕ್ಕೆ ದಂಡದ ಮೊತ್ತ ನಿಗದಿಪಡಿಸಿದ ಕರಾರುಗಳಿಗೆ 74ನೇ ಕಲಮು ಅನ್ವಯಿಸುತ್ತದೆ. ಇಂತಹ ಷರತ್ತುಗಳಿರುವ ಕರಾರುಗಳನ್ನು ಮೊದಲು ಗುರುತಿಸಿ ಪರಿಷ್ಕರಿಸಿಕೊಳ್ಳಬೇಕು.

ಅಹಮದಾಬಾದ್ 2030 ಮತ್ತು ಕರ್ನಾಟಕದ ವರ್ತಕರು

ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಚಾಲಿ ಅಡಿಕೆಗೆ ಗುಜರಾತು ದೊಡ್ಡ ಮಾರುಕಟ್ಟೆ. ಯಂತ್ರಭಾಗಗಳ ತಯಾರಕರಿಗೂ ಅಲ್ಲಿನ ಕೈಗಾರಿಕೆಗಳೊಡನೆ ವ್ಯವಹಾರವಿದೆ. ಇವರೆಲ್ಲರೂ ಗಮನಿಸಬೇಕಾದ ಮೂರು ತೆರಿಗೆ ಮತ್ತು ಹಣಕಾಸಿನ ವಿಷಯಗಳಿವೆ.

ಮೊದಲನೆಯದು ಇ-ವೇ ಬಿಲ್. ಈಗಿನ ನಿಯಮದಂತೆ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನದ ಅವಧಿ ದೊರೆಯುತ್ತದೆ. ಬೆಂಗಳೂರಿನಿಂದ ಅಹಮದಾಬಾದಿಗೆ ಸುಮಾರು 1,500 ಕಿಲೋಮೀಟರ್ ಎಂದಿಟ್ಟುಕೊಂಡರೆ ಎಂಟು ದಿನ ಸಿಗುತ್ತವೆ, ಇದು ಧಾರಾಳ. ತೊಡಕಿರುವುದು ಕೊನೆಯ ಹಂತದಲ್ಲಿ. ನಗರದ ಹೊರವಲಯದ ಗೋದಾಮಿನಲ್ಲಿ ಇಳಿದ ಸರಕು ಚಿಕ್ಕ ವಾಹನದಲ್ಲಿ ಅಂಗಡಿಗೆ ಹೊರಟಾಗ, ಇ-ವೇ ಬಿಲ್ ಅಗತ್ಯವಿರುವಲ್ಲಿ, ಅದರ ಅವಧಿ ಒಂದೇ ದಿನ. ನಿರ್ಬಂಧದಿಂದ ವಾಹನ ನಿಂತರೆ ಬಿಲ್ ಮುಗಿದು ಹೋದೀತು. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಇದನ್ನು ಮಾಡಬೇಕಾದವರು ಯಾರೆಂದು ಸಾಗಣೆದಾರರೊಡನೆ ಮೊದಲೇ ನಿಶ್ಚಯಿಸಿಕೊಳ್ಳಬೇಕು. ತಪ್ಪಿದಲ್ಲಿ ಸರಕನ್ನು ತಡೆಹಿಡಿಯುವ ಸಂಭವವಿದ್ದು, ಮಾಲೀಕನೇ ಮುಂದೆ ಬಂದರೂ ತೆರಿಗೆಯ ಶೇ. 200ರಷ್ಟು ದಂಡ ತೆರಬೇಕಾದೀತು.

ಎರಡನೆಯದು ಮುಂಚಿತ ದಾಸ್ತಾನಿನ ತೆರಿಗೆ ಪರಿಣಾಮ. ಕರ್ನಾಟಕದ ತಯಾರಕನು ಗುಜರಾತಿನಲ್ಲಿ ಗೋದಾಮು ಪಡೆದು ತನ್ನ ಸರಕನ್ನಿರಿಸಿ ಅಲ್ಲಿಂದ ಮಾರಾಟ ಮಾಡುವುದಾದರೆ ಆ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಇಲ್ಲಿಂದ ಅಲ್ಲಿಗೆ ಕಳುಹಿಸುವ ಸ್ವಂತ ಸರಕೂ ಪೂರೈಕೆಯೆಂದೇ ಪರಿಗಣಿತವಾಗಿ ಐಜಿಎಸ್‌ಟಿಗೆ ಒಳಪಡುತ್ತದೆ. ಈ ತೆರಿಗೆ ಮುಂದೆ ಜಮೆಯಾಗಿ ದೊರೆತರೂ ಅಲ್ಲಿಯವರೆಗೆ ಬಂಡವಾಳ ಸಿಲುಕಿರುತ್ತದೆ. ಇದಕ್ಕಿಂತ ಖರೀದಿದಾರನಿಗೇ ಮುಂಚಿತವಾಗಿ ಮಾರಿ ಅವನ ಗೋದಾಮಿನಲ್ಲಿ ಇರಿಸುವುದು ಸರಳ. ಒಪ್ಪಿಗೆಯಾದರೆ ಮಾತ್ರ ಮಾರಾಟವೆಂಬ ಷರತ್ತಿನ ಮೇಲೂ ಕಳುಹಿಸಬಹುದು. ಆಗ ಮಾರಾಟ ಖಚಿತವಾದಾಗ ಅಥವಾ ಸರಕು ಹೊರಟ ಆರು ತಿಂಗಳೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಇನ್‌ವಾಯ್ಸ್ ನೀಡಬೇಕು.

ಮೂರನೆಯದು ಹಣ ವಸೂಲಿ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಖರೀದಿದಾರನು ಕರಾರಿನಂತೆ, ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮ ವಿಧಿಸುತ್ತದೆ. ಆಕ್ಷೇಪಣೆಯಿಲ್ಲದಿದ್ದಲ್ಲಿ ಈ ಗಡುವು ಸರಕು ತಲುಪಿದ ದಿನದಿಂದ ಆರಂಭವಾಗುತ್ತದೆ. ಕೂಟಕ್ಕೆಂದು ಮೊದಲೇ ಕಳುಹಿಸಿದ ಸರಕಿಗೂ ಇದು ಅನ್ವಯಿಸುತ್ತದೆ. ‘ಕೂಟ ಮುಗಿದ ಮೇಲೆ ನೋಡೋಣ’ ಎಂಬ ಮಾತಿಗೆ ತಯಾರಕನು ಒಪ್ಪಬೇಕಾಗಿಲ್ಲ. ಆದರೆ ಸರಕು ತಲುಪಿದ ದಿನಾಂಕಕ್ಕೆ ರುಜುವಾತು ಇರಬೇಕು.

ಅನುಸರಿಸಬಹುದಾದ ವೇಳಾಕ್ರಮ

ಒಂದು ವರ್ಷ ಮೊದಲು: ಕೂಟದ ಅವಧಿಯಲ್ಲಿ ಬರುವ ಕರಾರುಗಳ ಪಟ್ಟಿ, ಅದೇ ವಾರಗಳ ಹಿಂದಿನ ಎರಡು ವರ್ಷಗಳ ಮಾರಾಟದ ವಿವರ, ಹಬ್ಬಗಳ ದಿನಾಂಕ.

ಆರು ತಿಂಗಳು ಮೊದಲು: ಪ್ರಕಟವಾದ ಮಾರ್ಗ ನಕ್ಷೆಯ ಮೇಲೆ ಗ್ರಾಹಕರ ಅಂಗಡಿಗಳನ್ನು ಗುರುತಿಸುವುದು; ಸರಕನ್ನು ಕೆಡುವ, ಕೆಡದ, ಮುಂದೂಡಬಹುದಾದ ಎಂದು ವಿಂಗಡಿಸುವುದು.

ಮೂರು ತಿಂಗಳು ಮೊದಲು: ಗೋದಾಮು, ವಿಮೆ, ಬ್ಯಾಂಕಿನ ಹೆಚ್ಚುವರಿ ಸಾಲದ ಮಿತಿ ಇವುಗಳ ಏರ್ಪಾಡು, ಸಾಗಣೆದಾರರೊಡನೆ ಲಿಖಿತ ದರ.

ಒಂದು ತಿಂಗಳು ಮೊದಲು: ರಾತ್ರಿ ಪೂರೈಕೆಯ ಪ್ರಾಯೋಗಿಕ ಸುತ್ತು. ಪ್ರಯೋಗ ಮಾಡದ ಯೋಜನೆ ಯೋಜನೆಯೇ ಅಲ್ಲ.

ಕೂಟದ ಅವಧಿಯಲ್ಲಿ: ಪ್ರತಿದಿನದ ಮಾರಾಟ, ವಿಳಂಬ, ಹೆಚ್ಚುವರಿ ವೆಚ್ಚಗಳಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ.

ಉಪಸಂಹಾರ

ಈ ಕೆಲಸದ ಬಹುಭಾಗವನ್ನು ಒಬ್ಬಂಟಿ ವರ್ತಕ ಮಾಡಲಾರ. ನಕ್ಷೆಯನ್ನು ಸಕಾಲದಲ್ಲಿ ಪಡೆದು ಬೀದಿವಾರು ತಿಳಿಸುವುದು, ಸಣ್ಣವರ ಸರಕನ್ನು ಒಂದೇ ವಾಹನದಲ್ಲಿ ಒಗ್ಗೂಡಿಸುವುದು, ಸರಕು ಇಳಿಸಲು ನ್ಯಾಯವಾದ ವೇಳೆ ಹಾಗೂ ನಷ್ಟಕ್ಕೆ ಪರಿಹಾರ ಕೇಳುವುದು ಇವು ಎರಡೂ ನಗರಗಳ ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಮಾಡಬೇಕಾದ ಕಾರ್ಯಗಳು. ಲಂಡನ್ನಿನಲ್ಲಿ ಸಾಗಣೆದಾರರ ಸಂಘಗಳು ಪ್ರಾಧಿಕಾರದ ಮೇಜಿನೆದುರು ಮೊದಲೇ ಕುಳಿತದ್ದರಿಂದಲೇ ರಾತ್ರಿ ಪೂರೈಕೆಗೆ ದಾರಿ ತೆರೆಯಿತು. ಜತೆಗೆ ‘ನಗರಕ್ಕೆ ಬರಬೇಡಿ’ ಎಂಬ ಪ್ರಚಾರ ಮಿತಿಮೀರಿದಾಗ ‘ಪೇಟೆ ತೆರೆದಿದೆ, ಬನ್ನಿ’ ಎಂದು ಹೇಳುವ ಹೊಣೆಯೂ ವಾಣಿಜ್ಯ ಸಂಸ್ಥೆಗಳದೇ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪರಿಪಾಠ ವ್ಯಾಪಾರಕ್ಕೆ ಸಲ್ಲದು. ಅದರಲ್ಲೂ ಕ್ರೀಡಾಕೂಟವು ದಿನಾಂಕ ತಿಳಿಸಿಯೇ ಬರುವ ಅತಿಥಿ. ಆ ದಿನಾಂಕವನ್ನು ಕ್ರೀಡಾಭಿಮಾನಿ ಟಿಕೆಟಿಗಾಗಿ ಬರೆದಿಟ್ಟುಕೊಳ್ಳುವಂತೆ, ವರ್ತಕನು ತನ್ನ ಖರೀದಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಸರಕಿನ ದಾರಿ ಮತ್ತು ಗ್ರಾಹಕನ ದಾರಿ ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದವನಿಗೆ ಆ ಎರಡು ವಾರಗಳು ನಷ್ಟದ ವಾರಗಳಾಗಬೇಕಾಗಿಲ್ಲ.